ವೀರಭದ್ರನ ಬಲ, ನನ್ನ ಎಡ

ಮೊನ್ನೆ ಪಕ್ಕದ ಮನೆಯ ದೇಸಾಯರು ಕರೆದು ಲಿಂಬು ಶರಬತ್ತು ಕೊಟ್ಟರು. ಗ್ಲಾಸಿನಲ್ಲಿ ಒಂದು ತುಂಡು ಮಂಜುಗಡ್ಡೆ ತೇಲುತ್ತಿತ್ತು. ಅದನ್ನೇ ನೋಡುತ್ತ ಕೂತವನು ನವನಗರದ ಆ ಪಡಸಾಲೆಯಿಂದ ಎಲ್ಲಿಗೋ ಹೋಗಿಬಿಟ್ಟಿದ್ದೆ. ದೇಸಾಯರ ದನಿ ಹಿಡಿದೆಳೆಯಿತು. "ನೀವು ಆ ಕಡೆ ಅಡ್ಡ್ಯಾಡಿ ಬಂದವರು. ನಾರ್ವೆ ಛಲೋನೋ, ಗ್ರೀನ್‌ಲ್ಯಾಂಡ್ ಛಲೋನೋ? ಪ್ರವಾಸಕ್ಕ ನಮ್ಮ ಮನಿಯವರು ಒಂದಂತಾರ, ನಾ ಒಂದಂತೇನಿ. ನೀವ ಹೇಳಿಬಿಡ್ರಿ."

ನಾರ್ವೆಗೆ ನಾನು ಹೋಗಿಯೇ ಇಲ್ಲ. ಗ್ರೀನ್‌ಲ್ಯಾಂಡಿಗೆ ಹೋದದ್ದು ನಿಜ. ಆದರೆ ಅಲ್ಲಿಗೇ ಏಕೆ ಹೋದೆ ಎಂದು ಹೇಳಹೊರಟರೆ ನಮ್ಮೂರು ಅಮ್ಮಿನಬಾವಿಯ ವೀರಭದ್ರ ದೇವರಿಂದ ಶುರುಮಾಡಬೇಕು. ಶರಬತ್ತು ಮುಗಿಯುವುದರೊಳಗೆ ಮುಗಿಯುವ ಮಾತಲ್ಲ. ನಿಮಗೆ ಪುರುಸೊತ್ತಿದ್ದರೆ ಕೇಳಿ.

ಅರವತ್ತರ ದಶಕ. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಭೂಗರ್ಭಶಾಸ್ತ್ರ ಓದುತ್ತ ಸಪ್ತಾಪುರದ ಒಂದು ಬಾಡಿಗೆ ಖೋಲಿಯಲ್ಲಿದ್ದೆ. ಕಂಡದ್ದನ್ನೆಲ್ಲ ಅನುಮಾನಿಸುವುದೇ ವಿದ್ಯೆ ಎಂದು ತಿಳಿದಿದ್ದ ವಯಸ್ಸು. ಈಗ ಆ ಅನುಮಾನ ತಿರುಗಿ ನನ್ನ ನೆನಪಿಗೇ ಗಂಟುಬಿದ್ದಿದೆ, ಆ ಮಾತು ಬೇರೆ. ಹೊರದೇಶದಿಂದ ಬಂದಿದ್ದ ಪ್ರಾಧ್ಯಾಪಕರೊಬ್ಬರು ಬೇಸಿಗೆಯಲ್ಲಿ ಎರಡು ತಂಡ ಹೊರಡುತ್ತವೆ, ನಾರ್ವೆಗೊಂದು, ಗ್ರೀನ್‌ಲ್ಯಾಂಡಿಗೊಂದು, ಒಂದರಲ್ಲಿ ನಿನಗೆ ಜಾಗ ಕೊಡಿಸುತ್ತೇನೆ, ಯಾವುದೆಂದು ಸೋಮವಾರದೊಳಗೆ ತಂತಿ ಕಳಿಸು ಎಂದಿದ್ದರು. ಎರಡೂ ಕಡೆ ಹಿಮನದಿ, ಎರಡೂ ಕಡೆ ಬೆಟ್ಟಗಳ ನಡುವೆ ಮೈಲಿಗಟ್ಟಲೆ ಒಳನುಗ್ಗಿದ ಕಡಲು. ನಾರ್ವೆಯಲ್ಲಿ ದಂಡೆಗುಂಟ ಮನೆ, ಹಸು, ಹಾಲು. ಗ್ರೀನ್‌ಲ್ಯಾಂಡಿನಲ್ಲಿ ಡೇರೆ, ಇಳಿಸಿ ಹೋದ ಹಡಗು ಬೇಸಿಗೆ ಮುಗಿದ ಮೇಲೆಯೇ ವಾಪಸು ಬರುವುದು.

ಒಂದು ವಾರ ತೂಗಿದೆ. ಬೆಳಿಗ್ಗೆ ನಾರ್ವೆ, ಸಂಜೆ ಗ್ರೀನ್‌ಲ್ಯಾಂಡ್. ಶನಿವಾರ ಊರಿಗೆ ಹೋಗಿ ಅವ್ವನ ಮುಂದೆ ಹೇಳಿಕೊಂಡೆ.

"ಹೂವು ಕೇಳೂಣು ನಡಿ," ಎಂದಳು ಅವ್ವ.

ನಮ್ಮ ಕಡೆಯ ಈ ಪದ್ಧತಿ ನಿಮಗೆ ಗೊತ್ತಿರಬಹುದು. ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ ಕಾಯುವುದು. ಯಾವ ಕಡೆಯದು ಮೊದಲು ಬಿದ್ದೀತೋ ಅದೇ ದೇವರ ಮಾತು. ನಾನು ನಕ್ಕೆ. ನಕ್ಕರೂ ವೀರಭದ್ರನ ಗುಡಿಗೆ ಹೋದೆ. ತಂಗಿ ಶಾಂತಾ ಬೆನ್ನು ಹತ್ತಿದಳು. ಪೂಜಾರಿ ಭೀಮಪ್ಪ ಹೂವು ಏರಿಸಿದ. ಅವ್ವ ಸೆರಗೊಡ್ಡಿ ನಿಂತಳು: "ಅಪ್ಪಾ, ಮಂದಿ ಇರೋ ದೇಶ ಬಲಕ್ಕ, ಮಂದಿ ಇರಲಾರದ್ದು ಎಡಕ್ಕ. ನೋಡಿ ಕೊಡು."

ಆಕೆಗೆ ಬೇಕಾದದ್ದು ಯಾವುದೆಂದು ಕೇಳಬೇಕಾಗಿರಲಿಲ್ಲ. ಮಗ ಎಲ್ಲಿಗೇ ಹೋಗಲಿ, ಅಲ್ಲಿ ಉಂಡೆಯಾ ಎಂದು ಕೇಳುವ ಒಂದು ಹೆಂಗಸು ಇರಬೇಕು.

ಹೂವು ಬಿತ್ತು. ನನ್ನ ಎಡಗೈಯ ಕಡೆ.

"ಎಡಕ್ಕ! ಗ್ರೀನ್‌ಲ್ಯಾಂಡ್!" ಗುಡಿ ಎಂಬುದನ್ನೂ ಮರೆತು ಕೂಗಿದೆ. ಒಂದು ವಾರದಿಂದ ಗೊತ್ತಾಗದ್ದು ಅಷ್ಟರಲ್ಲೇ ಗೊತ್ತಾಗಿಹೋಗಿತ್ತು.

"ಏ ತಮ್ಮಾ, ನಿನ್ನ ಎಡಾ ಯಾರು ಕೇಳ್ಯಾರ? ದೇವರು ನಿನ್ನ ಎದುರಿಗೆ ನಿಂತಾನ. ಇದು ಅವನ ಬಲಾ," ಎಂದ ಭೀಮಪ್ಪ.

"ಕಾಕಾ, ಹೋಗಾಂವ ನಾನೋ, ದೇವರೋ?"

"ದೇವರ ಇಲ್ಲ ಅಂತ ಧಾರವಾಡದಾಗ ಭಾಷಣ ಮಾಡ್ತಿ. ಇಲ್ಲದವನ ಕೂಡ ಜಗಳಾ ಯಾಕ ತಗೀತಿ?"

ದಿಕ್ಕು ಎಂಬುದು ನೋಡುವವನ ಮೇಲೆ ನಿಂತಿದೆ, ಕಲ್ಲಿಗೆ ಸ್ವಂತ ಬಲ ಎಡ ಇಲ್ಲ ಎಂದು ನಾನು ಕಲಿತ ವಿದ್ಯೆಯನ್ನೆಲ್ಲ ಸುರಿದೆ. ಭೀಮಪ್ಪ ಜಗ್ಗಲಿಲ್ಲ. ಕೊನೆಗೆ ಅವ್ವ ಬಿದ್ದ ಹೂವನ್ನೆತ್ತಿ ಕಣ್ಣಿಗೆ ಒತ್ತಿಕೊಂಡಳು. "ಸಾಕು ಬಿಡೋ ಭೀಮಪ್ಪಾ. ಹೋಗಾಂವ ಇಂವ. ಇವನ ಎಡಾನ ಎಡಾ."

ಸೋಮವಾರ ತಂತಿ ಹೋಯಿತು. ಬೇಸಿಗೆಯಲ್ಲಿ ನಾನೂ ಹೋದೆ, ಅವ್ವ ಕಟ್ಟಿಕೊಟ್ಟ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಜೊತೆ. ಪೂಜಾರಿಯನ್ನು ವಾದದಲ್ಲಿ ಕೆಡವಿದ ಈ ಕಥೆಯನ್ನು ಆಮೇಲೆ ಎಷ್ಟು ಚಹಾದಂಗಡಿಗಳಲ್ಲಿ ಹೇಳಿದೆನೋ! ಪ್ರತಿ ಸಲ ನನ್ನ ವಾದಕ್ಕೆ ಇನ್ನಷ್ಟು ಹೊಳಪು ಬರುತ್ತಿತ್ತು. ಹಾಗೆ ಉಜ್ಜಿ ಉಜ್ಜಿ, ನಡೆದದ್ದೆಷ್ಟು ನಾನು ಸೇರಿಸಿದ್ದೆಷ್ಟು ಎಂಬುದೇ ಅಳಿಸಿಹೋಯಿತು. ಅದಕ್ಕೇ ಮೊನ್ನೆ ದೇಸಾಯರ ಮನೆಯಿಂದ ಬಂದವನೇ ಶಾಂತಾಗೆ ಫೋನು ಮಾಡಿದೆ. ಹೂವು ನಿಜಕ್ಕೂ ನನ್ನ ಎಡಕ್ಕೆ ಬಿದ್ದಿತ್ತೇ?

"ಬಿದ್ದಿತ್ತೋ ಅಣ್ಣಾ," ಎಂದು ನಕ್ಕಳು. "ಆದರ ಗೆದ್ದೆ ಅಂತ ತಿಳಕೊಂಡಿ ಏನು ಇನ್ನೂ? ದೇವರ ಬಲಾ ಯಾವುದಂತ ಅವ್ವಗ ಗೊತ್ತಿರಲಿಲ್ಲೇನು? ಹೂವು ಬಿದ್ದ ಕೂಡ್ಲೇ ಮಾರಿ ಅರಳಿತ್ತು ಆಕಿದು, ತನಗ ಬೇಕಾದ್ದು ಸಿಕ್ತು ಅಂತ. ಆಮ್ಯಾಲೆ ನಿನ್ನ ಮಾರಿ ನೋಡಿದ್ಲು. ಅಷ್ಟ. ನೀ ಮುಂದ ಹಾರಿಕೋತ ಹೊಂಟಿದ್ದಿ. ಮನಿ ಮುಟ್ಟೂತನಕ ನನ್ನ ಕೈ ಹಿಡಕೊಂಡು ಒಂದ ಚಿಂತಿ ಆಕಿದು: 'ಅಲ್ಲೆ ಮಂದೀನ ಇಲ್ಲಂದ್ರ ಇಂವ ವಾದಾ ಯಾರ ಕೂಡ ಮಾಡ್ತಾನ?'"

ಫೋನು ಇಟ್ಟ ಮೇಲೂ ನಗುತ್ತಲೇ ಇದ್ದೆ. ಇಷ್ಟು ವರ್ಷ ಮೆರೆಸಿದ ವಾದ ಬಿದ್ದುಹೋಗಿತ್ತು, ನನಗೋ ಹಬ್ಬ. ವೀರಭದ್ರನಿಂದ ತನ್ನ ಪರವಾಗಿ ಬಂದ ತೀರ್ಪನ್ನೇ ನನಗಾಗಿ ತಿರುಗಿಸಿದ್ದಳು ನನ್ನವ್ವ!

ಅವ್ವನ ಚಿಂತೆ ಸುಳ್ಳಲ್ಲ. ಹಡಗು ಇಳಿಸಿ ಹೋದ ಮರುದಿನ, ಜೊತೆಯವರು ಡೇರೆಯಲ್ಲಿರುವಾಗ, ಒಬ್ಬನೇ ಒಂದು ದೊಡ್ಡ ಬಂಡೆ ಹತ್ತಿದೆ. ಒಂದು ಕಡೆ ಕಣ್ಣು ಹೋದಷ್ಟೂ ಹಿಮ. ಕೆಳಗೆ ಕರಿಬೆಟ್ಟಗಳ ನಡುವೆ ಅಲುಗಾಡದೆ ನಿಂತ ಕಡಲು. ಅನುಮಾನಿಸಲು ಒಂದೂ ತೋಚಲಿಲ್ಲ. ಎರಡೂ ಕೈ ಎತ್ತಿ ಗಂಟಲು ಬಿರಿಯುವಂತೆ ಕೂಗಿದೆ: "ಅವ್ವಾ, ಬಂದೇನಿ!"

ಆ ಕೂಗಿಗೆ ಸಾಕ್ಷಿ ಯಾರೂ ಇಲ್ಲ. ಇದೊಂದನ್ನು ಮಾತ್ರ ನಾನು ಯಾರಿಗೂ ಫೋನು ಮಾಡಿ ಕೇಳುವುದಿಲ್ಲ.