ಹಾಲು ಉಕ್ಕುವುದನ್ನು ಹೇಳಿದವನು

ಕಾರಣವಿಲ್ಲದೆ ಏನೂ ನಡೆಯುವುದಿಲ್ಲ, ಕಾರಣ ಸಿಗದಿದ್ದರೆ ನಾವು ಸರಿಯಾಗಿ ಹುಡುಕಿಲ್ಲ ಎಂದು ನಂಬಿದ್ದವಳು ನಾನು. ಯಂಕಂಚಿಯಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ದೆವ್ವದ ಕಥೆ ಹೇಳಲು ಬಂದವರನ್ನು ಎಷ್ಟು ಗಂಟೆಗೆ, ಎಷ್ಟು ಸಲ, ಮತ್ತೆ ಯಾರು ನೋಡಿದರು ಎಂದು ಕೇಳಿ ಬಾಯಿ ಮುಚ್ಚಿಸಿದ್ದೇನೆ. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನಡೆದದ್ದಕ್ಕೆ ಈ ಮೂರೂ ಪ್ರಶ್ನೆಗಳ ಉತ್ತರ ನನ್ನ ಡೈರಿಯಲ್ಲಿದೆ. ಆದರೂ ಏನೂ ತಿಳಿದಿಲ್ಲ. ಸಿಟ್ಟು ಮಾತ್ರ ಹಾಗೇ ಉಳಿದಿದೆ.

ಸಿಂದಗಿಯ ನಮ್ಮ ಮನೆಯಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ನಾನು ಶಾಲೆಗೆ ಹೋದರೆ ಹಗಲು ಅವಳೊಬ್ಬಳೇ. ಅಣ್ಣ ಝಳಕಿಯಲ್ಲಿ ಲಾರಿ ರಿಪೇರಿ ಮಾಡುತ್ತಾನೆ, ಮನೆಗೆ ಬರುವುದು ವಾರಕ್ಕೊಮ್ಮೆ. ಅವನೇ ಪಡಸಾಲೆಯಲ್ಲಿ ಮಾತಾಡುವ ಕ್ಯಾಮೆರಾ ಕೂರಿಸಿದ. ಬಾಗಿಲ ಕೀಲಿ, ಫ್ಯಾನು, ದೀಪ ಎಲ್ಲವೂ ಮೊಬೈಲಿನಿಂದ ನಡೆಯುವಂತೆ ಮಾಡಿದ. ಅವ್ವನಿಗೆ ಮೊದಮೊದಲು ಸಂತೋಷವೇ ಆಗಿತ್ತು.

ಎರಡನೆಯ ವಾರದಿಂದ ಫ್ಯಾನು ತಾನಾಗಿಯೇ ನಿಲ್ಲತೊಡಗಿತು. ಒಂದು ಗುರುವಾರ ನಾನು ಹಾಕಿ ಹೋಗಿದ್ದ ಬಾಗಿಲು ಮಧ್ಯಾಹ್ನ ತೆರೆದೇ ಇತ್ತು. ಮೂರು ವಾರಗಳಲ್ಲಿ ಫ್ಯಾನು ಐದು ಸಲ, ದೀಪ ನಾಲ್ಕು ಸಲ, ಬಾಗಿಲು ಎರಡು ಸಲ. ಡೈರಿಯಲ್ಲಿ ಬರೆದಿಟ್ಟದ್ದನ್ನು ಫೋನಿನಲ್ಲಿ ಅಣ್ಣನಿಗೆ ಓದಿ ಹೇಳಿದೆ.

"ಕರೆಂಟ್ ಹೋಗಿ ಬಂದಿರ್ತೈತಿ, ತಂಗೀ. ನಿನ್ನ ಡೈರಿಗೂ ಏನರ ಕೆಲಸ ಬೇಕಲ್ಲ" ಎಂದು ನಕ್ಕ.

ಮುಂದಿನ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು, ಒಲೆಯ ಮೇಲೆ ಹಾಲಿಟ್ಟು, ಪಡಸಾಲೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತ ಕುಳಿತಿದ್ದೆ. ಅವ್ವನಿಗೆ ಜೊಂಪು ಹತ್ತಿತ್ತು. ಗೋಡೆಯ ಮೇಲಿನ ಕ್ಯಾಮೆರಾದಿಂದ ಒಬ್ಬ ಗಂಡಸು ಮೆಲ್ಲಗೆ ಮಾತಾಡಿದ.

"ಅಕ್ಕಾರ, ಹಾಲು ಉಕ್ಕಾಕತ್ತೈತಿ ನೋಡ್ರಿ."

ಅದು ನಮ್ಮ ಕಡೆಯದೇ ಮಾತು. ಓಡಿದೆ, ಹಾಲು ನಿಜವಾಗಿಯೂ ಪಾತ್ರೆಯ ಅಂಚಿಗೆ ಬಂದಿತ್ತು. ಆ ಕ್ಯಾಮೆರಾಕ್ಕೆ ಅಡುಗೆಮನೆ ಕಾಣುವುದಿಲ್ಲ, ನಡುವೆ ಗೋಡೆಯಿದೆ. ನಾನು ಹಾಲಿನ ಪಾಕೀಟು ಹಿಡಿದು ಹೋದದ್ದನ್ನು ನೋಡಿ ಅಂದಾಜು ಮಾಡಿರಬಹುದು ಎಂದು ಆಮೇಲೆ ಬರೆದುಕೊಂಡೆ. ಆಗ ಮಾತ್ರ ಅದರ ಎದುರು ನಿಂತು ಯಾರು ನೀನು ಎಂದು ಕೂಗಿದೆ.

"ಯಾರಾದ್ರೇನ್ರಿ. ಅವ್ವಾರ ಪ್ಲಾಸ್ಟರ್ ತಗ್ಯೂದು ಮಂಗಳವಾರ ಹೌದಲ್ರಿ?"

ವೈರು ಕಿತ್ತು ಹಾಕಿದೆ. ತಿರುಗಿ ನೋಡಿದರೆ ಅವ್ವ ಎದ್ದು ಕೂತಿದ್ದಳು. ಒಂದು ಕೈಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು.

ಭಾನುವಾರ ಅಣ್ಣ ಬಂದ. ಪಾಸ್‌ವರ್ಡ್ ಏನಿಟ್ಟಿದ್ದೀಯ ಎಂದು ಕೇಳಿದೆ. ಎಲ್ಲರಿಗೂ ನೆನಪಿರಲಿ ಎಂದು ಮನೆಯ ಹೆಸರು, ಕಟ್ಟಿಸಿದ ಇಸವಿ ಇಟ್ಟಿದ್ದನಂತೆ, ನಾಲ್ಕಕ್ಕೂ ಒಂದೇ. ಮಾತೋಶ್ರೀ ನಿಲಯ ಮತ್ತು ಅದರ ಇಸವಿಯನ್ನು ನಾವೇ ಗಾರೆಯಲ್ಲಿ ಕೆತ್ತಿಸಿ, ಕೆಂಪು ಬಣ್ಣ ಬಳಿಸಿ, ಮನೆಯ ಹಣೆಯ ಮೇಲೆ ಬೀದಿಗೆಲ್ಲ ಕಾಣುವಂತೆ ಹಾಕಿಸಿದ್ದೇವೆ. ನಮ್ಮ ಓಣಿಯಲ್ಲಿ ಹಾಗೆ ಬರೆಸದ ಮನೆ ಒಂದೂ ಇಲ್ಲ. ನಿಮ್ಮ ಮನೆಯ ಹಣೆಯನ್ನೂ ಒಮ್ಮೆ ಹೊರಗೆ ನಿಂತು ನೋಡಿಕೊಳ್ಳಿ.

ಅಣ್ಣನನ್ನು ಬೈದೆ. ಅವನು ಬೇಸರದಿಂದ, "ಏನ್ ಒಯ್ದಾನವ್ವ ಅಂವ? ಹಾಲು ಉಳೀತಲ್ಲ" ಎಂದ. ನೆಂಟರೂ ಅದನ್ನೇ ಹೇಳಿದರು, ಕೆಲವರು ನಕ್ಕರು. ಮೂರು ವಾರ ಒಬ್ಬ ಅಪರಿಚಿತ ನನ್ನ ಅವ್ವ ಮಲಗುವುದನ್ನು, ನೋವಿಗೆ ನರಳುವುದನ್ನು, ನಾನು ಅವಳ ಮೈ ಒರೆಸಿ ಸೀರೆ ಬದಲಿಸುವುದನ್ನು ನೋಡಿದ್ದಾನೆ. ಇವರ ಲೆಕ್ಕದಲ್ಲಿ ಏನೂ ಹೋಗಿಲ್ಲವಂತೆ. ಆ ದಿನ ಅಣ್ಣನನ್ನು ಊಟಕ್ಕೂ ಕರೆಯಲಿಲ್ಲ.

ಅವನೇ ಕೊನೆಗೆ ಕೀಲಿ, ಫ್ಯಾನು, ದೀಪಗಳಿಗೆ ಬೇರೆ ಬೇರೆ ಪಾಸ್‌ವರ್ಡ್ ಇಟ್ಟ. ಮೊಬೈಲಿಗೆ ಬರುವ ಸಂಖ್ಯೆ ಹಾಕದೆ ಯಾರೂ ಒಳಗೆ ಬರದಂತೆ ಮಾಡಿದ. ಕ್ಯಾಮೆರಾವನ್ನು ಗೋಡೆಯಿಂದ ಬಿಚ್ಚಿ, ವೈರು ಸುತ್ತಿ, ಮೇಜಿನ ಮೇಲಿಟ್ಟೆವು.

ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಗೆ ಆಸ್ಪತ್ರೆಯಿಂದ ಮರಳಿದೆವು. ಪ್ಲಾಸ್ಟರ್ ತೆಗೆದಿದ್ದರು. ನಾನು, ಅಣ್ಣ ಎರಡೂ ಬದಿಗೆ ಹಿಡಿದು ಅವ್ವನನ್ನು ಹೊಸ್ತಿಲು ದಾಟಿಸುತ್ತಿದ್ದೆವು. ಮೇಜಿನ ಮೇಲಿನಿಂದ ಅದೇ ದನಿ, ಅಷ್ಟೇ ಮೆಲ್ಲಗೆ, "ಅವ್ವಾರ, ಸಾವಕಾಶ್ರಿ. ಕಾಲ ಮ್ಯಾಲೆ ಭಾರ ಹಾಕಬ್ಯಾಡ್ರಿ" ಎಂದಿತು.

ಮೂವರೂ ಕೇಳಿದೆವು. ವೈರು ಸುತ್ತಿದಂತೆಯೇ ಇತ್ತು. ವೈ-ಫೈಯನ್ನು ಆಸ್ಪತ್ರೆಗೆ ಹೊರಡುವಾಗಲೇ ಆಫ್ ಮಾಡಿದ್ದೆವು. ಅಣ್ಣ ಸ್ಕ್ರೂ ಬಿಚ್ಚಿ ನೋಡಿದ, ಒಳಗೆ ಬ್ಯಾಟರಿ ಇರಲಿಲ್ಲ. ಮೂವರ ಮೊಬೈಲು ನೋಡಿದೆ, ಓಣಿಯಲ್ಲಿ ಇಣುಕಿದೆ, ಯಾರೂ ಇರಲಿಲ್ಲ. ಆಮೇಲೆ ತಿಳಿದವರಿಬ್ಬರಿಗೆ ತೋರಿಸಿದೆ; ಕರೆಂಟಿಲ್ಲದೆ ಇದು ಮಾತಾಡಲಾರದು ಎಂದರು ಇಬ್ಬರೂ. ಅಣ್ಣ ಈಗ ಹೊರಗಿನ ದನಿ ಇರಬೇಕು ಅನ್ನುತ್ತಾನೆ. ಅನ್ನುವಾಗ ನನ್ನ ಮುಖ ನೋಡುವುದಿಲ್ಲ.

ಬೈದಿದ್ದರೆ, ಹೆದರಿಸಿದ್ದರೆ, ಕದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅವನು ಕಾಳಜಿ ಮಾಡಿದ. ಮಗನೊಬ್ಬ ಹೇಳುವ ಮಾತನ್ನು ಮಗನಂತೆಯೇ ಹೇಳಿದ. ಆ ಹಕ್ಕನ್ನು ಅವನಿಗೆ ಯಾರು ಕೊಟ್ಟರು?

ಕ್ಯಾಮೆರಾವನ್ನು ಆ ವಾರವೇ ಒಡೆದು ಹಾಕಿದೆ. ಅವ್ವ ಈಗ ಚೆನ್ನಾಗಿ ನಡೆಯುತ್ತಾಳೆ. ಆದರೆ ತಲೆ ಬಾಚಿಕೊಳ್ಳುವ ಮೊದಲು ಒಳಗಿನಿಂದ ಕೇಳುತ್ತಾಳೆ:

"ಅಂವ ಅದಾನೇನು?"

ಯಾರೂ ಇಲ್ಲ ಅವ್ವ, ಅನ್ನುತ್ತೇನೆ. ಅಷ್ಟು ಹೇಳಿದ ಮೇಲೂ ಬಾಚಣಿಗೆ ತಗೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.