ನಾಯಕಿಗೆ ದನಿ ಕೊಟ್ಟವಳು

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಕರೆಯುವುದು ದನಿಯಕ್ಕ ಎಂದು. ಹೆಸರು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ, ಪರದೆಯ ಮೇಲೂ ಅದು ಬರುವುದಿಲ್ಲ. ಗೋಡೆಗೆಲ್ಲ ಸ್ಪಂಜು ಹೊದಿಸಿದ ಆ ಡಬ್ಬಿಂಗ್ ಕೋಣೆಯಲ್ಲಿ ಫ್ಯಾನು ಹಾಕುವಂತಿಲ್ಲ, ಗರಗರ ಎನ್ನುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗುವಂತಿಲ್ಲ, ಅದೂ ಗುರುಗುಟ್ಟುತ್ತದೆ. ಎರಡು ಬಿಸ್ಕತ್ತು ತಿಂದು, ಬಿಸಿನೀರು ಗುಟುಕರಿಸಿ, ಬೆವರು ಒರೆಸಿಕೊಳ್ಳುತ್ತ, ಐವತ್ತರ ಹತ್ತಿರದ ಈ ಹೆಂಗಸು ಇಪ್ಪತ್ತೈದರ ನಾಯಕಿಯಾಗಿ ನಗುತ್ತಾಳೆ, ಮುನಿಯುತ್ತಾಳೆ. ನಾಯಕಿಯದು ಜೇನಿನಂಥ ದನಿ ಎಂದು ಜನ ಹೊಗಳಿದರೆ ದನಿಯಕ್ಕನಿಗೆ ಹೊಟ್ಟೆಕಿಚ್ಚಿರಲಿಲ್ಲ. ಮನೆ ನಡೆಯುತ್ತಿತ್ತಲ್ಲ.

ನಾಯಕಿಯ ಸ್ವಂತ ದನಿ ಒಡಕು. ಅದು ಹೊರಗೆ ಗೊತ್ತಾಗಬಾರದೆಂದು ನಿರ್ಮಾಪಕರು ಸಮಾರಂಭಗಳಲ್ಲಿ ಅವಳಿಗೆ ಬರೀ ನಗಲು ಹೇಳಿದ್ದರು. ಎಲ್ಲೂ ಬಾಯಿ ಬಿಡುವುದಿಲ್ಲವೆಂದು ದನಿಯಕ್ಕನಿಂದ ಸಹಿ ಹಾಕಿಸಿಕೊಂಡಿದ್ದರು.

ಹೀಗಿರುವಾಗ ನಾಯಕಿ ಒಂದು ದಿನ ವಿಡಿಯೊ ಹಾಕಿದಳು. ಹೊಸ ಸಿನಿಮಾದ ದೊಡ್ಡ ಹೀರೊ ಮೇಕಪ್ ವ್ಯಾನಿನಲ್ಲಿ ತನ್ನ ಮೇಲೆ ಕೈಹಾಕಿದ್ದನ್ನು ಹೇಳಿ, ಪೊಲೀಸರಿಗೆ ದೂರು ಕೊಟ್ಟಿದ್ದೇನೆ ಎಂದಳು. ಅಳಲಿಲ್ಲ, ಕೂಗಾಡಲಿಲ್ಲ. ಸ್ವಂತ ದನಿಯಲ್ಲೇ ಹೇಳಿದಳು. ಅದೇ ಮುಳುವಾಯಿತು.

ಸಿನಿಮಾಗಳಿಗೆ ಸ್ಟಾರ್ ಹಂಚಿ ಹೊಟ್ಟೆ ಹೊರೆಯುವ ವಿಮರ್ಶಕನೊಬ್ಬ ಸಂಜೆಯೊಳಗೆ ತೀರ್ಪು ಕೊಟ್ಟ: ಇದು ನಾಯಕಿಯ ದನಿಯೇ ಅಲ್ಲ, ಕಂಪ್ಯೂಟರಿನಲ್ಲಿ ಹುಟ್ಟಿಸಿದ ನಕಲಿ. ಸಾಕ್ಷಿಗೆ ಅವಳ ಹಳೆಯ ಸಿನಿಮಾದ ತುಣುಕೊಂದನ್ನು ಪಕ್ಕದಲ್ಲಿಟ್ಟ. ಹೀರೊನ ಅಭಿಮಾನಿಗಳಿಗೆ ಅಷ್ಟೇ ಬೇಕಿತ್ತು. ಮಾತಾಡಿದ್ದು ನಾನೇ ಎಂದು ಅವಳು ಮತ್ತೊಂದು ವಿಡಿಯೊ ಹಾಕಿದರೆ, ಇದೋ ಎರಡನೇ ನಕಲಿ ಎಂದು ನಕ್ಕರು.

ದನಿಯಕ್ಕನ ಮಗಳು ಊಟಕ್ಕೆ ಕೂತಾಗ ಇದನ್ನೆಲ್ಲ ಓದಿ ಹೇಳಿ, ವಿಡಿಯೊ ಕೇಳಿಸಿದಳು.

"ಅದು ಅವಳದೇ ದನಿ ಕಣೇ," ಎಂದಳು ದನಿಯಕ್ಕ. "ಶೂಟಿಂಗಲ್ಲಿ ಅವಳು ಆಡಿದ್ದನ್ನ ಕಿವಿಗೆ ಹಾಕ್ಕೊಂಡೇ ನಾನು ಡಬ್ಬಿಂಗ್ ಮಾಡೋದು. ಉಸಿರು ಎಳ್ಕೊಂಡ್ರೂ ನಂಗೆ ಗೊತ್ತಾಗುತ್ತೆ."

"ಗೊತ್ತಾದ್ರೆ ನಿನ್ನ ಪಾಡಿಗೆ ನೀನಿರಮ್ಮ. ಬಾಯಿ ಬಿಟ್ರೆ ಹೊಟ್ಟೆಪಾಡಿಗೆ ಕಲ್ಲು ಬೀಳುತ್ತೆ."

"ಬೀಳುತ್ತೆ. ಆದ್ರೆ ಆ ಹುಡುಗಿನ ಸುಳ್ಳುಬುರುಕಿ ಅಂತಿರೋದು ನನ್ನ ದನಿ ತೋರಿಸಿ ತಾನೇ?"

ದನಿಯಕ್ಕ ತಟ್ಟೆ ಸರಿಸಿ ಎದ್ದಳು. ಕೊನೆಗೆ ಅಡುಗೆಮನೆಯ ಕಿಟಕಿಗೆ ಫೋನು ಒರಗಿಸಿಟ್ಟು, ತಾನೂ ಒಂದು ವಿಡಿಯೊ ಮಾಡಿ ಹಾಕಿ ಹೇಳಿಯೇಬಿಟ್ಟಳು: ಸಿನಿಮಾದಲ್ಲಿ ಕೇಳುವುದು ನನ್ನ ದನಿ, ನಾಯಕಿಯ ವಿಡಿಯೊದಲ್ಲಿರುವುದು ಅವಳ ನಿಜವಾದ ದನಿ. ನಂಬಿಕೆ ಬರಲೆಂದು ಹಳೆಯ ಸಿನಿಮಾದ ನಾಲ್ಕು ಮಾತೂ ಆಡಿ ತೋರಿಸಿದಳು. ನನ್ನನ್ನು ಕೇಳಿದರೆ, ಆ ದಿನ ಅವಳಷ್ಟು ಎದೆಗಾರಿಕೆ ಇಡೀ ಚಿತ್ರರಂಗದಲ್ಲಿ ಇನ್ನೊಬ್ಬರಿಗೆ ಇರಲಿಲ್ಲ.

ನಂಬಿದರು. ಪುಣ್ಯಾತ್ಮರು ಪೂರ್ತಿ ನಂಬಿದರು. ನಾಯಕಿಯ ವಿಡಿಯೊ ಅಸಲಿಯೇ ಎಂದು ವಿಮರ್ಶಕನೂ ಒಪ್ಪಿಕೊಂಡ. ಒಪ್ಪಿಕೊಂಡು ಕೇಳಿದ: ಇಷ್ಟು ವರ್ಷ ಬೇರೆಯವಳ ದನಿಯಲ್ಲಿ ನಮ್ಮ ಕಿವಿಯ ಮೇಲೆ ಹೂವಿಟ್ಟವಳು ದೂರಿನಲ್ಲಿ ಮಾತ್ರ ನಿಜ ಹೇಳುತ್ತಾಳೆಯೇ? ಅಲ್ಲಿಂದ ಬೆಂಕಿ ಹತ್ತಿಕೊಂಡಿತು. ದನಿ ಬಾಡಿಗೆಯದಾದರೆ ದೂರೂ ಬಾಡಿಗೆಯದೇ ಎಂದರು. ನಿನ್ನೆವರೆಗೆ ನಾಯಕಿಯ ಪರ ವಾದಿಸುತ್ತಿದ್ದವರೂ ಮೆಲ್ಲಗೆ ಜಾರಿಕೊಂಡರು. ಹೀರೊ ಏನು ಮಾಡಿದ ಎಂಬುದು ಯಾರಿಗೂ ನೆನಪಾಗಲಿಲ್ಲ.

ದನಿಯಕ್ಕನ ಕೆಲಸ ಹೋಯಿತು. ಹೋಗುತ್ತದೆಂದು ಅವಳಿಗೆ ಗೊತ್ತೇ ಇತ್ತು. ಆದರೆ ಕೈ ಹಿಡಿದೆತ್ತಲು ಹೋಗಿ ಆ ಹುಡುಗಿಯನ್ನು ತಾನೇ ಹಳ್ಳಕ್ಕೆ ತಳ್ಳಿದೆನಲ್ಲ ಎಂಬ ಸಂಕಟ ಅವಳನ್ನು ಹಿಂಡಿಬಿಟ್ಟಿತು.

ಕೆಲವು ದಿನಗಳ ಮೇಲೆ ನಾಯಕಿಯದೇ ಫೋನು ಬಂತು. ಬೈಸಿಕೊಳ್ಳಲು ತಯಾರಾಗಿ ದನಿಯಕ್ಕ ಕೋಣೆಯ ಬಾಗಿಲು ಹಾಕಿಕೊಂಡಳು.

"ನಿಮ್ಮ ಮೇಲೆ ಸಿಟ್ಟಿಲ್ಲ ಅಕ್ಕ," ಎಂದಿತು ಆ ಒಡಕು ದನಿ. "ಸಿನಿಮಾದವರಲ್ಲಿ ನನ್ನ ಪರ ಮಾತಾಡಿದ್ದು ನೀವೊಬ್ರೇ."

"ಕೇಸ್ ಏನಾಯ್ತಮ್ಮ?"

"ವಾಪಸ್ ತಗೋತಿದ್ದೀನಿ. ಅಪ್ಪ ಅಮ್ಮ ಹೊರಗೆ ತಲೆ ಎತ್ತೋ ಹಾಗಿಲ್ಲ. ನಾಳೆ ನ್ಯಾಯಾಧೀಶರ ಮುಂದೆ, ನಾನು ಹೇಳಿದ್ದೆಲ್ಲ ಸುಳ್ಳು ಅಂತ ಹೇಳ್ಬೇಕು. ವಕೀಲರನ್ನ, ನನ್ನ ಬದಲು ನೀವೇ ಹೇಳ್ಬಿಡಿ ಅಂತ ಕೇಳ್ಕೊಂಡೆ. ಆಗಲ್ವಂತೆ ಅಕ್ಕ. ಅದನ್ನ ನನ್ನ ಬಾಯಲ್ಲೇ ಹೇಳ್ಬೇಕಂತೆ."