ಶಲ್ಯದ ಕೆಳಗೆ ಕೊಟ್ಟ ಮಾತು

ಅಪ್ಪ ಕಲಬುರಗಿಯ ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ತೊಗರಿ ವ್ಯಾಪಾರಿ. ಆಗ ದರವನ್ನು ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ. ಇಬ್ಬರ ಕೈಗಳ ಮೇಲೆ ಶಲ್ಯ ಹೊದಿಸಿ, ಒಳಗೆ ಬೆರಳು ಹಿಡಿದು ಮಾತು ಮುಗಿಸುತ್ತಿದ್ದರು. ಕಾಗದವಿಲ್ಲ, ಸಾಕ್ಷಿಯಿಲ್ಲ. ಆದರೂ ಶಲ್ಯದ ಕೆಳಗೆ ಕೊಟ್ಟ ಮಾತಿಗೆ ತಾನು ಒಮ್ಮೆಯೂ ತಪ್ಪಿಲ್ಲ ಎಂದು ಅಪ್ಪನಿಗೆ ಭಾರಿ ಜಂಬ.

ಅವನ ಪಾಲುದಾರರು ಕಮಲಾಪುರದವರು. ನಾನು ಅವರನ್ನು ಚಾಚಾ ಅನ್ನುತ್ತಿದ್ದೆ. ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಮೇಲೆ ಅವರನ್ನು ಹಿಡಿದೊಯ್ದರು. ಕಮಲಾಪುರದ ಹತ್ತಿರದ ಹಳ್ಳಿಯೊಂದಕ್ಕೆ ಬೆಂಕಿ ಇಟ್ಟ, ನಿಜಾಮನ ಕಡೆಯ ರಜಾಕಾರರ ಜೊತೆ ಇದ್ದರು ಎಂಬ ಆರೋಪ. ಹಳ್ಳಿಗೆ ಬೆಂಕಿ ಬಿದ್ದ ದಿನವೆಲ್ಲ ಚಾಚಾ ಕಲಬುರಗಿಯಲ್ಲಿ, ಬ್ರಹ್ಮಪುರ ಓಣಿಯ ನಮ್ಮ ಪಡಸಾಲೆಯಲ್ಲೇ ಕೂತಿದ್ದರು. ಎರಡು ಸಲ ಚಹಾ ಕೊಟ್ಟವಳು ನಾನೇ.

ಬುತ್ತಿ ಕಟ್ಟಿಕೊಂಡು ಅಪ್ಪನೂ ನಾನೂ ಜೈಲಿಗೆ ಹೋದೆವು. ಪಹರೆಯವನು ಪಕ್ಕದಲ್ಲೇ ನಿಂತಿದ್ದ. ಅಪ್ಪ ಸರಳುಗಳ ನಡುವೆ ಶಲ್ಯ ಹೊದಿಸಿ ಚಾಚಾನ ಕೈ ಹಿಡಿದ. ಚಾಚಾನ ಮುಖ ಅರಳಿತು. ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತೇನೆಂದು ಮಾತು ಕೊಟ್ಟೆ ಎಂದು ಹಿಂತಿರುಗುವಾಗ ಅಪ್ಪ ಹೇಳಿದ.

ಕೇಸು ಎಳೆದಾಡುತ್ತಿರುವಾಗಲೇ ಚುನಾವಣೆ ಬಂತು. ಗಂಜಿನವರು ಅಪ್ಪನನ್ನು ನಿಲ್ಲಿಸಿದರು. ಬಾಯಿ ಬಿಡದೆ ವ್ಯಾಪಾರ ಮಾಡಿದ ಮನುಷ್ಯ ವೇದಿಕೆ ಹತ್ತಿ ತಾಸುಗಟ್ಟಲೆ ಮಾತಾಡತೊಡಗಿದ. ನನಗೆ ಮೊದಲು ನಗು ಬಂತು, ಆಮೇಲೆ ಭಯವಾಯಿತು. ಚಾಚಾನ ಪರ ಸಾಕ್ಷಿ ಹೇಳಿದರೆ ಕಮಲಾಪುರದ ಕಡೆ ಒಂದು ಓಟೂ ಬೀಳುವುದಿಲ್ಲ ಎಂದು ಜೊತೆಗಿದ್ದವರು ಅವನ ತಲೆಗೆ ತುಂಬಿದ್ದರು.

ವಿಚಾರಣೆಯ ದಿನವೇ ಕಮಲಾಪುರದಲ್ಲಿ ಸಭೆ ಇಟ್ಟುಕೊಂಡ. ಚಾಚಾನ ಹೆಂಡತಿ ಚಾಚಿ ಬೆಳಗ್ಗೆಯೇ ಕೆಂಪು ಬಾಳೆಹಣ್ಣಿನ ಗಂಟು ಹಿಡಿದು ಬಂದು ನಮ್ಮ ಅಂಗಳದಲ್ಲಿ ಕೂತಿದ್ದರು. ನಾನು ಅಪ್ಪನ ಶಲ್ಯ ಹಿಡಿದು ಎಳೆದೆ, ಕಾಲಿಗೂ ಬಿದ್ದೆ.

"ಇಲೆಕ್ಷನ್ ಮುಗೀಲಿ ಬಿಡವ್ವಾ. ಆರಿಸಿ ಬಂದ್ರ ನಾನೇ ಬಿಡಿಸ್ಕೊಂಡು ಬರ್ತೀನಿ" ಎಂದ. ಅವನು ಅದನ್ನು ನಂಬಿದ್ದ, ಅದೇ ನನಗೆ ಇಂದಿಗೂ ಸಂಕಟ.

ಜೀಪು ಹೊರಟಿತು. ಚಾಚಿ ಹಿಂದೆ ಓಡಿದರು, ಗಂಟು ಬಿಚ್ಚಿ ಹಣ್ಣು ರಸ್ತೆ ತುಂಬ ಚೆಲ್ಲಿತು. ನಮ್ಮ ಮನೆಯಿಂದ ಕೋರ್ಟಿಗೆ ನಡೆದರೆ ಅರ್ಧ ತಾಸು. ಕಂಡದ್ದನ್ನು ನಾನೇ ಹೋಗಿ ಹೇಳಬಹುದಿತ್ತು. ಹದಿನೇಳು ವರ್ಷದ ಹುಡುಗಿಯ ಮಾತು ಯಾರು ಕೇಳುತ್ತಾರೆ ಅಂದುಕೊಂಡು ನಾನು ಹಣ್ಣು ಆರಿಸುತ್ತ ಕೂತೆ.

ಅಪ್ಪ ಗೆದ್ದ. ಚಾಚಾನಿಗೆ ಶಿಕ್ಷೆಯಾಯಿತು. ಅಪ್ಪ ಹೈದರಾಬಾದಿಗೆ ಹೋದಾಗಲೆಲ್ಲ ಅರ್ಜಿ ಕೊಟ್ಟು ಬಂದ. ಒಂದೂ ಕೆಲಸಕ್ಕೆ ಬರಲಿಲ್ಲ. ಚಾಚಾ ಶಿಕ್ಷೆ ಪೂರ್ತಿ ಮುಗಿಸಿಯೇ ಹೊರಬಂದರು.

ಬಿಡುಗಡೆಯಾದವರು ನೇರ ನಮ್ಮ ಮನೆಗೆ ಬಂದರು. ಪಡಸಾಲೆ ತುಂಬ ಅಹವಾಲು ತಂದ ಜನ. ಅಪ್ಪ ತಡವರಿಸುತ್ತ ಎದ್ದ, ಹೆಗಲ ಶಲ್ಯ ತೆಗೆದು ಕೈಮೇಲೆ ಹೊದಿಸಿಕೊಂಡು ಮುಂದೆ ಚಾಚಿದ. ಚಾಚಾ ತಮ್ಮ ಕೈ ಎತ್ತಲಿಲ್ಲ.

"ಶಲ್ಯ ತಗೀರಿ ಅಣ್ಣಾ. ಆ ದಿನ ನಾ ಎಲ್ಲಿದ್ದೆ ಅಂತ ಇವರೆಲ್ಲಾರ ಮುಂದ ಬಾಯಿಬಿಟ್ಟು ಹೇಳ್ರಿ."

ಅಪ್ಪ ತಲೆ ತಗ್ಗಿಸಿದ. ಚಾಚಾ ಒಳಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದರು. ನಾನು ಅವರಿಗೆಂದೇ ಚಹಾ ಹಿಡಿದು ನಿಂತಿದ್ದೆ. ನಾನೂ ಹೇಳಲಿಲ್ಲ.